ಚೀನಾದ ಇಷ್ಟೊಂದು ವಿದ್ಯಾರ್ಥಿಗಳು ವಿದೇಶಕ್ಕೆ ಓದಲು ಹೋಗುವುದೇಕೆ?

ಮೊದಲ ಕಾರಣ ಗಾವ್‌ಕಾವ್. ಪ್ರತಿ ಜೂನ್‌ನಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆ ಇದು. 2024ರಲ್ಲಿ ಹೆಸರು ನೋಂದಾಯಿಸಿದವರು ಸುಮಾರು 1.34 ಕೋಟಿ! ಪೀಕಿಂಗ್, ಚಿಂಗ್‌ಹುವಾದಂಥ ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಸೀಟು ಸಿಗುವುದು ಬೆರಳೆಣಿಕೆಯಷ್ಟು ಜನಕ್ಕೆ. ಅದರಲ್ಲೂ ಸೀಟುಗಳನ್ನು ಪ್ರಾಂತ್ಯವಾರು ಹಂಚುತ್ತಾರೆ. ಹೆನಾನ್ ಪ್ರಾಂತ್ಯವೊಂದರಲ್ಲೇ ಹತ್ತು ಲಕ್ಷಕ್ಕೂ ಜಾಸ್ತಿ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಬೀಜಿಂಗ್ ನಿವಾಸಿಯಾಗಿ ನೋಂದಣಿಯಾದ ಹುಡುಗನಿಗೆ ಇರುವ ಅವಕಾಶ ಹೆನಾನ್‌ನ ಹುಡುಗಿಗೆ ಇಲ್ಲ. ಇಬ್ಬರೂ ಅಷ್ಟೇ ಜಾಣರಾಗಿರಬಹುದು, ಅಲ್ವಾ? ಹಾಗಾಗಿ ದುಡ್ಡಿದ್ದ ಮನೆಯವರು ಹೈಸ್ಕೂಲಿನಲ್ಲೇ ದಾರಿ ಬದಲಿಸುತ್ತಾರೆ. ಗಾವ್‌ಕಾವ್ ಬಿಟ್ಟು ಐಇಎಲ್‌ಟಿಎಸ್ (ಇಂಗ್ಲಿಷ್ ಭಾಷಾ ಪರೀಕ್ಷೆ), ಎ-ಲೆವೆಲ್ (ಬ್ರಿಟನ್ ಮಾದರಿಯ ಶಾಲಾ ಪರೀಕ್ಷೆ) ಹಿಡಿಯುತ್ತಾರೆ.

ದುಡ್ಡು ಎಲ್ಲಿಂದ? ಒಂದೇ ಮಗುವಿನ ನೀತಿ 2015ರ ತನಕ ಇತ್ತು. ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ-ಅಜ್ಜಿ, ಆರು ಜನರ ಉಳಿತಾಯ ಒಂದೇ ಮಗುವಿನ ಮೇಲೆ. ಕೆಲವರು ಫ್ಲ್ಯಾಟ್ ಮಾರಿ ಕಳಿಸುವುದೂ ಉಂಟು.

ಪದವಿ ಮುಗಿದವರ ಲೆಕ್ಕ ಬೇರೆ. ಚೀನಾದಲ್ಲೇ ಸ್ನಾತಕೋತ್ತರ ಪದವಿಗೆ ಮತ್ತೊಂದು ಪರೀಕ್ಷೆ ಬರೆಯಬೇಕು, ಓದು ಎರಡು-ಮೂರು ವರ್ಷ. ಬ್ರಿಟನ್‌ನಲ್ಲಾದರೆ ಒಂದೇ ವರ್ಷಕ್ಕೆ ಮುಗಿಯುತ್ತದೆ. ಒಳ್ಳೆಯ ವಿದೇಶಿ ವಿಶ್ವವಿದ್ಯಾಲಯದಿಂದ ಮರಳಿದವರಿಗೆ ಶಾಂಘೈ ನಿವಾಸಿ ನೋಂದಣಿಯಲ್ಲಿ ರಿಯಾಯಿತಿಯೂ ಇದೆ. ಬಹಳ ಜನ ಇದನ್ನೆಲ್ಲ ಲೆಕ್ಕ ಹಾಕಿಯೇ ಹೋಗುತ್ತಾರೆ, ಸುಮ್ನೆ ವಿದೇಶದ ಹುಚ್ಚಿಗಲ್ಲ.

ಆದರೆ ಆ ಪದವಿಗೆ ಮೊದಲಿನ ಬೆಲೆ ಈಗ ಇಲ್ಲ. ಸಾಕಷ್ಟು ಕಂಪನಿಗಳು ಒಂದು ವರ್ಷದ ಸ್ನಾತಕೋತ್ತರ ಪದವಿಯನ್ನು ಅನುಮಾನದಿಂದಲೇ ನೋಡುತ್ತವೆ. ಅಮೆರಿಕದ ವೀಸಾ ತಲೆನೋವು ಬೇರೆ. ಅಲ್ಲಿ 2023-24ರಲ್ಲಿ ವಿದೇಶಿ ವಿದ್ಯಾರ್ಥಿಗಳ ಸಂಖ್ಯೆಯಲ್ಲಿ ಚೀನಾವನ್ನು ಹಿಂದಿಕ್ಕಿದ್ದು ನಮ್ಮ ಭಾರತವೇ. ಚೀನಾದ ಎಷ್ಟೋ ಮನೆಗಳು ಈಗ ಹಾಂಗ್‌ಕಾಂಗ್, ಸಿಂಗಪುರದ ಕಡೆ ನೋಡುತ್ತಿವೆ.