ಓದುಗರ ಪ್ರಶ್ನೆ, ನಮ್ಮ ಉತ್ತರ: ಯುದ್ಧದ ನಿಯಮಗಳಿಗೆ ಶಾಂತಿಕಾಲದ ಸಮಿತಿ

ಪ್ರಶ್ನೆ: 1949ರ ನಾಲ್ಕು ಜಿನೀವಾ ಒಪ್ಪಂದಗಳನ್ನು ಜಗತ್ತಿನ ಎಲ್ಲ ದೇಶಗಳೂ ಒಪ್ಪಿಕೊಂಡಿವೆ ಎಂದು ತರಗತಿಯಲ್ಲಿ ಕಲಿತಿದ್ದೇವೆ. ಹಾಗಿದ್ದ ಮೇಲೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಮಾನವೀಯ ಕಾನೂನಿಗೆಂದೇ, ಅಂದರೆ ಯುದ್ಧದ ನಿಯಮಗಳಿಗೆಂದೇ, ರಾಷ್ಟ್ರೀಯ ತಜ್ಞರ ಸಮಿತಿಗಳು ಏಕಿವೆ? ಅವು ನಿಜವಾಗಿ ಮಾಡುವ ಕೆಲಸವೇನು?
– ಕಾನೂನು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಒಪ್ಪಂದಕ್ಕೆ ಸಹಿ ಹಾಕುವುದು ವಿದೇಶಾಂಗ ಇಲಾಖೆಯ ಕೆಲಸ, ಆದರೆ ಅದನ್ನು ಪಾಲಿಸಬೇಕಾದದ್ದು ಇಡೀ ಸರ್ಕಾರ. ಘೋರ ಉಲ್ಲಂಘನೆಗಳನ್ನು ಅಪರಾಧವೆಂದು ಸಾರುವ ಶಾಸನವನ್ನು ಕಾನೂನು ಇಲಾಖೆ ರೂಪಿಸಬೇಕು, ಸೈನಿಕರಿಗೆ ನಿಯಮಗಳನ್ನು ಕಲಿಸುವ ಹೊಣೆ ರಕ್ಷಣಾ ಇಲಾಖೆಯದು, ರೆಡ್ ಕ್ರಾಸ್ ಲಾಂಛನವನ್ನು ಆಸ್ಪತ್ರೆಗಳೂ ವ್ಯಾಪಾರಿಗಳೂ ಮನಬಂದಂತೆ ಬಳಸದಂತೆ ಆರೋಗ್ಯ ಇಲಾಖೆ, ಪೊಲೀಸರು ಮತ್ತು ಟ್ರೇಡ್‌ಮಾರ್ಕ್ ಕಚೇರಿ ಮೂವರೂ ನೋಡಿಕೊಳ್ಳಬೇಕು, ಸ್ಮಾರಕಗಳ ರಕ್ಷಣೆ ಸಂಸ್ಕೃತಿ ಇಲಾಖೆಗೆ ಸೇರುತ್ತದೆ. ಇಷ್ಟು ಕಡೆ ಹಂಚಿಹೋದ ಕೆಲಸವನ್ನು ಒಬ್ಬರು ಒಟ್ಟಾಗಿ ನೋಡದಿದ್ದರೆ, ಪ್ರತಿ ಇಲಾಖೆಯೂ ಅದು ಪಕ್ಕದ ಇಲಾಖೆಯದೆಂದು ಭಾವಿಸಿ ಸುಮ್ಮನಿರುತ್ತದೆ. ಸಮಿತಿ ಹುಟ್ಟುವುದು ಈ ಕೊರತೆಯನ್ನು ತುಂಬಲು.

ಬೆಲ್ಜಿಯಂನ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ. ಜಿನೀವಾ ಒಪ್ಪಂದಗಳಿಗೆ ಪೂರಕವಾದ 1977ರ ಎರಡು ಹೆಚ್ಚುವರಿ ಪ್ರೋಟೊಕಾಲ್‌ಗಳನ್ನು ಆ ದೇಶ 1986ರಲ್ಲಿ ಅನುಮೋದಿಸಿತು. ಅನುಮೋದನೆಯ ಬೆನ್ನಿಗೇ ಎದ್ದ ಪ್ರಶ್ನೆ, ಇದರಿಂದ ನಾವು ಮಾಡಬೇಕಾದ ಕೆಲಸಗಳು ಯಾವುವು, ಅವನ್ನು ಯಾರು ಮಾಡಬೇಕು ಎಂಬುದು. 1987ರಲ್ಲಿ ಅಲ್ಲಿನ ಮಂತ್ರಿಮಂಡಲ ಅಂತರ-ಸಚಿವಾಲಯ ಮಾನವೀಯ ಕಾನೂನು ಆಯೋಗವನ್ನು ರಚಿಸಿತು. ವಿದೇಶಾಂಗ, ರಕ್ಷಣೆ, ನ್ಯಾಯ, ಒಳಾಡಳಿತ ಮೊದಲಾದ ಇಲಾಖೆಗಳ ಪ್ರತಿನಿಧಿಗಳ ಜೊತೆಗೆ ಬೆಲ್ಜಿಯಂ ರೆಡ್ ಕ್ರಾಸ್‌ನವರಿಗೂ ಅಲ್ಲಿ ಸ್ಥಾನ ದೊರೆಯಿತು. ಅದು ಮೊದಲು ಕೈಗೆತ್ತಿಕೊಂಡ ಕೆಲಸ ಕೇಳಲು ಅತ್ಯಂತ ನೀರಸವಾದದ್ದು: ಒಪ್ಪಂದಗಳಿಂದ ಹುಟ್ಟುವ ಒಂದೊಂದು ಬಾಧ್ಯತೆಗೂ ಒಂದೊಂದು ಟಿಪ್ಪಣಿ ಬರೆದು, ಅದಕ್ಕೆ ಹೊಣೆಗಾರ ಇಲಾಖೆ ಯಾವುದು, ಈವರೆಗೆ ಏನಾಗಿದೆ, ಏನು ಬಾಕಿ ಇದೆ ಎಂದು ದಾಖಲಿಸುವುದು. ನನ್ನ ಮಟ್ಟಿಗೆ ಇಂಥ ಸಮಿತಿಗಳ ಬೆಲೆಯೆಲ್ಲ ಈ ನೀರಸ ಕೆಲಸದಲ್ಲೇ ಇದೆ. ವರ್ಷಕ್ಕೊಂದು ವಿಚಾರ ಸಂಕಿರಣ ನಡೆಸಿ ಛಾಯಾಚಿತ್ರ ತೆಗೆಸಿಕೊಳ್ಳುವ ಸಮಿತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಅದೇ ಬೆಲ್ಜಿಯಂನ ಮತ್ತೊಂದು ಕೆಲಸ ಸಾಂಸ್ಕೃತಿಕ ಸ್ವತ್ತಿಗೆ ಸಂಬಂಧಿಸಿದ್ದು. ಯುದ್ಧಕಾಲದಲ್ಲಿ ಸ್ಮಾರಕಗಳನ್ನು ಕಾಪಾಡುವ 1954ರ ಹೇಗ್ ಒಪ್ಪಂದಕ್ಕೆ 1999ರಲ್ಲಿ ಎರಡನೆಯ ಪ್ರೋಟೊಕಾಲ್ ಸೇರಿ, ಅತಿ ಮುಖ್ಯ ತಾಣಗಳಿಗೆ ‘ವರ್ಧಿತ ರಕ್ಷಣೆ’ ಕೋರುವ ಅವಕಾಶ ಬಂತು. ಅರ್ಜಿ ಹಾಕುವ ದೇಶ ಆ ತಾಣವನ್ನು ಸೈನಿಕ ಉದ್ದೇಶಕ್ಕೆ ಬಳಸುವುದಿಲ್ಲವೆಂದು ಘೋಷಿಸಬೇಕು, ಅಂದರೆ ಸಂಸ್ಕೃತಿ ಇಲಾಖೆಯೂ ರಕ್ಷಣಾ ಇಲಾಖೆಯೂ ಒಂದೇ ಮೇಜಿನ ಸುತ್ತ ಕೂತು ಒಪ್ಪಬೇಕು. 2013ರಲ್ಲಿ ಬ್ರಸೆಲ್ಸ್‌ನ ವಿಕ್ಟರ್ ಹೋರ್ಟಾ ಮನೆ ಮತ್ತು ಕಾರ್ಯಶಾಲೆ, ಆಂಟ್ವರ್ಪ್‌ನ ಪ್ಲಾಂಟಿನ್-ಮೊರೆಟಸ್ ಮುದ್ರಣಾಲಯ, ಸ್ಪಿಯೆನ್‌ನ ನವಶಿಲಾಯುಗದ ಚಕಮಕಿ ಕಲ್ಲಿನ ಗಣಿಗಳು ಈ ರಕ್ಷಣೆ ಪಡೆದವು. ಇಲಾಖೆಗಳು ನಿಯಮಿತವಾಗಿ ಸೇರುವ ಜಾಗವೊಂದು ಇಲ್ಲದಿದ್ದರೆ ಇಂಥ ಕಡತ ವರ್ಷಗಟ್ಟಲೆ ಓಡಾಡಿಕೊಂಡೇ ಇರುತ್ತದೆ.

ಸಮಿತಿಗಳ ಸಂಖ್ಯೆ ಹೆಚ್ಚಿದ್ದು 1990ರ ದಶಕದ ನಂತರ. ಯುಗೊಸ್ಲಾವಿಯದ ಯುದ್ಧ ಇನ್ನೂ ನಡೆಯುತ್ತಿದ್ದಾಗ, 1993ರಲ್ಲಿ, ಯುದ್ಧಪೀಡಿತರ ರಕ್ಷಣೆ ಕುರಿತ ಸಮ್ಮೇಳನವೊಂದು ಜಿನೀವಾದಲ್ಲಿ ನಡೆಯಿತು. ಅದರ ಮುಂದುವರಿಕೆಯಾಗಿ 1995ರ ಆರಂಭದಲ್ಲಿ ಸೇರಿದ ಸರ್ಕಾರಿ ತಜ್ಞರು ದೇಶಗಳು ರಾಷ್ಟ್ರೀಯ ಸಮಿತಿಗಳನ್ನು ರಚಿಸಿಕೊಳ್ಳಬೇಕೆಂದು ಶಿಫಾರಸು ಮಾಡಿದರು. ಅದೇ ಡಿಸೆಂಬರಿನಲ್ಲಿ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್‌ನ 26ನೆಯ ಅಂತರರಾಷ್ಟ್ರೀಯ ಸಮ್ಮೇಳನ ಅದನ್ನು ಅನುಮೋದಿಸಿತು. ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿ ತನ್ನ ಕಾನೂನು ಸಲಹಾ ವಿಭಾಗವನ್ನು ತೆರೆದದ್ದೂ ಇದರ ಫಲವಾಗಿಯೇ. ಮಾದರಿ ಕಾನೂನುಗಳನ್ನು ಒದಗಿಸುವುದು, ಕರಡುಗಳನ್ನು ಓದಿ ಅಭಿಪ್ರಾಯ ಹೇಳುವುದು ಆ ವಿಭಾಗದ ಕೆಲಸಗಳಲ್ಲಿ ಸೇರಿವೆ.

ಪ್ರಶ್ನೆ: ನಾನು ಸೇನೆಯಿಂದ ನಿವೃತ್ತನಾದವನು. ಯುದ್ಧ ನಿಜವಾಗಿ ಶುರುವಾದಾಗ ಈ ಸಮಿತಿಗಳು ಏನು ಮಾಡಬಲ್ಲವು? ಯುದ್ಧಾಪರಾಧಗಳನ್ನು ತನಿಖೆ ಮಾಡುವ ಅಧಿಕಾರ ಇವುಗಳಿಗೆ ಇದೆಯೇ?
– ಮಡಿಕೇರಿಯ ಓದುಗರು

ಉತ್ತರ: ಸಾಮಾನ್ಯವಾಗಿ ಇಲ್ಲ. ಇವು ಸರ್ಕಾರಕ್ಕೆ ಸಲಹೆ ಕೊಡುವ ಸಮಿತಿಗಳೇ ಹೊರತು ತನಿಖಾ ಸಂಸ್ಥೆಗಳೂ ಅಲ್ಲ, ನ್ಯಾಯಾಲಯಗಳೂ ಅಲ್ಲ. ಗುಂಡಿನ ಸದ್ದು ಕೇಳಿದ ಮೇಲೆ ಇವುಗಳ ಪಾತ್ರ ಕಿರಿದಾಗುತ್ತದೆ. ಅದಕ್ಕೆ ಮುಂಚಿನ ಸಿದ್ಧತೆಯೇ ಇವುಗಳ ಕ್ಷೇತ್ರ. ಆ ಸಿದ್ಧತೆ ಎಂಥದ್ದೆಂಬುದಕ್ಕೆ ತಮಗೆ ಪರಿಚಿತವಾಗಿರಬಹುದಾದ ಒಂದು ವಿಷಯವನ್ನೇ ತೆಗೆದುಕೊಳ್ಳೋಣ.

ಯುದ್ಧಕೈದಿಗಳ ಕುರಿತ ಮೂರನೆಯ ಜಿನೀವಾ ಒಪ್ಪಂದದ 70ನೆಯ ವಿಧಿಯಂತೆ, ಸೆರೆಸಿಕ್ಕ ಸೈನಿಕ ಶಿಬಿರ ತಲುಪಿದ ಒಂದು ವಾರದೊಳಗೆ ತನ್ನ ಕುಟುಂಬಕ್ಕೂ ಕೇಂದ್ರ ಮಾಹಿತಿ ಸಂಸ್ಥೆಗೂ ಒಂದು ಕಾರ್ಡು ಬರೆಯಲು ಅವಕಾಶ ಕೊಡಬೇಕು: ನಾನು ಸೆರೆಯಲ್ಲಿದ್ದೇನೆ, ನನ್ನ ವಿಳಾಸ ಇದು, ನನ್ನ ಆರೋಗ್ಯ ಹೀಗಿದೆ ಎಂದು. 122ನೆಯ ವಿಧಿ ಇನ್ನೂ ಮುಂದೆ ಹೋಗಿ, ಸಂಘರ್ಷ ಆರಂಭವಾದ ಕೂಡಲೇ ಪ್ರತಿ ದೇಶವೂ ತನ್ನ ವಶದಲ್ಲಿರುವ ಕೈದಿಗಳ ಹೆಸರು, ದರ್ಜೆ, ಸೈನಿಕ ಸಂಖ್ಯೆ, ಹುಟ್ಟಿದ ದಿನಾಂಕ ಮುಂತಾದ ವಿವರಗಳನ್ನು ಸಂಗ್ರಹಿಸಿ ರವಾನಿಸುವ ಮಾಹಿತಿ ಕಚೇರಿಯನ್ನು ತೆರೆಯಬೇಕೆನ್ನುತ್ತದೆ. ‘ಕೂಡಲೇ’ ಎನ್ನುವುದು ಕಾಗದದ ಮೇಲೆ ಸುಲಭ. ಕಾರ್ಡನ್ನು ಯಾರು ಅಚ್ಚು ಹಾಕಿಸಬೇಕು, ರಣರಂಗದ ಘಟಕದಿಂದ ರಾಜಧಾನಿಗೆ ಪಟ್ಟಿ ಯಾವ ದಾರಿಯಲ್ಲಿ ಬರಬೇಕು, ಕಚೇರಿ ಸೇನೆಯ ಅಧೀನದಲ್ಲೋ ರೆಡ್ ಕ್ರಾಸ್ ಸಂಸ್ಥೆಯ ಜೊತೆಯಲ್ಲೋ, ಸಿಬ್ಬಂದಿ ಎಲ್ಲಿಂದ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರದಿದ್ದರೆ ಕೈದಿಯ ಮನೆಯವರು ತಿಂಗಳುಗಟ್ಟಲೆ ‘ಕಾಣೆಯಾಗಿದ್ದಾನೆ’ ಎಂಬ ಒಂದೇ ಮಾತಿನಲ್ಲಿ ಕಾಲ ಕಳೆಯಬೇಕಾಗುತ್ತದೆ. 1971ರ ಡಿಸೆಂಬರಿನಲ್ಲಿ ಢಾಕಾ ಶರಣಾಗತಿಯ ನಂತರ ಸುಮಾರು 93,000 ಮಂದಿ ಭಾರತದ ವಶಕ್ಕೆ ಬಂದರೆಂಬುದನ್ನು ನೆನೆದರೆ, ಈ ಕಾಗದಪತ್ರದ ಕೆಲಸದ ಗಾತ್ರ ತಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಅಪರಾಧದ ಮಾತು. ವಿಚಾರಣೆ ನಡೆಸುವುದು ನ್ಯಾಯಾಲಯವೇ ಆದರೂ, ನಡೆಸಲು ದೇಶದೊಳಗೆ ಕಾನೂನು ಇರಬೇಕಷ್ಟೆ. ಜಿನೀವಾ ಒಪ್ಪಂದಗಳ ಘೋರ ಉಲ್ಲಂಘನೆಗಳನ್ನು ಶಿಕ್ಷಿಸುವ ಶಾಸನ ಬೆಲ್ಜಿಯಂನಲ್ಲಿ 1993ರಲ್ಲೇ ಬಂದಿದ್ದರಿಂದ, ರುವಾಂಡಾದ 1994ರ ಹತ್ಯಾಕಾಂಡದಲ್ಲಿ ಪಾಲ್ಗೊಂಡ ನಾಲ್ವರನ್ನು 2001ರಲ್ಲಿ ಬ್ರಸೆಲ್ಸ್‌ನ ನ್ಯಾಯಾಲಯ ಶಿಕ್ಷಿಸಲು ಸಾಧ್ಯವಾಯಿತು. ಅವರಲ್ಲಿ ಇಬ್ಬರು ಕ್ರೈಸ್ತ ಸನ್ಯಾಸಿನಿಯರು. ಆದರೆ ಅದೇ ಶಾಸನದಡಿ ಕಾಂಗೋದ ವಿದೇಶಾಂಗ ಸಚಿವರ ಮೇಲೆ ಹೊರಡಿಸಿದ ವಾರಂಟು ಕಾನೂನುಬಾಹಿರವೆಂದು 2002ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ತೀರ್ಪಿತ್ತಿತು, ವಿದೇಶಿ ನಾಯಕರ ವಿರುದ್ಧ ದೂರುಗಳು ಹೆಚ್ಚಿ ರಾಜತಾಂತ್ರಿಕ ಒತ್ತಡ ಬಂದಾಗ 2003ರಲ್ಲಿ ಆ ಶಾಸನವನ್ನೇ ರದ್ದುಮಾಡಿ ನ್ಯಾಯಾಲಯಗಳ ವ್ಯಾಪ್ತಿಯನ್ನು ಕಿರಿದಾಗಿಸುವ ವಿಧಿಗಳನ್ನು ದಂಡಸಂಹಿತೆಯಲ್ಲಿ ಸೇರಿಸಲಾಯಿತು. ತಜ್ಞರು ಎಷ್ಟೇ ಒಳ್ಳೆಯ ಸಲಹೆ ಕೊಟ್ಟರೂ ಅಂತಿಮ ತೀರ್ಮಾನ ರಾಜಕಾರಣದ್ದೇ.

ಪ್ರಶ್ನೆ: ನನ್ನ ಔಷಧದ ಅಂಗಡಿಯ ಫಲಕದಲ್ಲಿರುವ ಕೆಂಪು ಕ್ರಾಸ್ ಗುರುತನ್ನು ತೆಗೆಯಬೇಕೆಂದು ಪರಿಚಿತ ವಕೀಲರು ಹೇಳುತ್ತಾರೆ. ಊರಲ್ಲಿ ಎಲ್ಲರೂ ಹಾಕಿಕೊಂಡಿದ್ದಾರಲ್ಲ?
– ಹಾಸನದ ಓದುಗರು

ಉತ್ತರ: ವಕೀಲರು ಹೇಳಿದ್ದು ಸರಿ. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 12ನೆಯ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಬಿಳಿ ಹಿನ್ನೆಲೆಯ ಕೆಂಪು ಕ್ರಾಸ್ ಗುರುತನ್ನು ಯಾವುದೇ ಉದ್ದೇಶಕ್ಕೆ ಬಳಸುವಂತಿಲ್ಲ. 13ನೆಯ ಸೆಕ್ಷನ್ ವಿಧಿಸುವ ದಂಡ 500 ರೂಪಾಯಿವರೆಗೆ. ಗುರುತು ಹಾಕಿದ ಸಾಮಗ್ರಿಯನ್ನು ಮುಟ್ಟುಗೋಲು ಹಾಕಿಕೊಳ್ಳಲೂ ಅವಕಾಶವಿದೆ. 1960ರಲ್ಲಿ ದೊಡ್ಡ ಮೊತ್ತವಾಗಿದ್ದ ಆ 500 ರೂಪಾಯಿಗೆ ಇಂದು ಯಾವ ಫಲಕ ಬರೆಯುವವರೂ ಕುಂಚ ಎತ್ತಲಾರರು, ಎಲ್ಲರೂ ಹಾಕಿಕೊಂಡಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಆ ಗುರುತು ವೈದ್ಯಕೀಯದ ಸಂಕೇತವಲ್ಲ, ಇದರ ಮೇಲೆ ದಾಳಿ ಮಾಡಬಾರದು ಎಂಬ ಯುದ್ಧಕಾಲದ ಸೂಚನೆ. ಕಂಡಕಂಡಲ್ಲಿ ಅದು ಇದ್ದರೆ, ನಿಜವಾದ ಸೇನಾ ಆಸ್ಪತ್ರೆಯ ಮೇಲೆ ಕಂಡಾಗಲೂ ಎದುರಾಳಿ ಅದಕ್ಕೆ ಬೆಲೆ ಕೊಡುವುದಿಲ್ಲ. ಅನೇಕ ದೇಶಗಳ ರಾಷ್ಟ್ರೀಯ ಸಮಿತಿಗಳು ಲಾಂಛನದ ಕಾನೂನನ್ನು ಮೊದಲ ಕೆಲಸವಾಗಿ ಹಿಡಿಯುವುದೂ ಇದಕ್ಕೇ: ವಿರೋಧ ಕಡಿಮೆ, ಪರಿಣಾಮ ಕಣ್ಣಿಗೆ ಕಾಣುತ್ತದೆ. ತಾವು ಹಸಿರು ಬಣ್ಣದ ಕ್ರಾಸ್ ಬಳಸಬಹುದು. ಹಲವು ದೇಶಗಳ ಔಷಧ ಅಂಗಡಿಗಳಲ್ಲಿ ರೂಢಿಯಲ್ಲಿರುವುದು ಅದೇ.

ಪ್ರಶ್ನೆ: ಭಾರತದ ಕಾನೂನಿನಲ್ಲಿ ಇಂಥ ತಜ್ಞರು ನೋಡಬೇಕಾದ ವಿಷಯಗಳು ಯಾವುವು? ಈ ಬಗ್ಗೆ ಅಧ್ಯಯನ ಮಾಡಬೇಕೆಂದರೆ ಎಲ್ಲಿಂದ ಆರಂಭಿಸಬೇಕು?
– ಕಾಲೇಜು ಉಪನ್ಯಾಸಕರು, ಕಲಬುರಗಿ

ಉತ್ತರ: ಭಾರತ ಜಿನೀವಾ ಒಪ್ಪಂದಗಳನ್ನು 1950ರಲ್ಲಿ ಅನುಮೋದಿಸಿತು, ಕಾಯ್ದೆ ಬಂದದ್ದು 1960ರಲ್ಲಿ. 1977ರ ಪ್ರೋಟೊಕಾಲ್‌ಗಳಿಗೆ ನಾವು ಸೇರಿಲ್ಲ. ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಸರ್ಕಾರದ ದೂರಿಲ್ಲದೆ ಯಾವ ನ್ಯಾಯಾಲಯವೂ ಈ ಅಪರಾಧಗಳನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಗೋವಾ ಭಾರತಕ್ಕೆ ಸೇರಿದ ಮೇಲೆ ಭಾರತೀಯ ಪೌರತ್ವ ಒಲ್ಲದ ಪಾದ್ರಿ ಮೊಂತೆರೊ ಅವರು ನಾಗರಿಕರಿಗೆ ಸಂಬಂಧಿಸಿದ ನಾಲ್ಕನೆಯ ಒಪ್ಪಂದದ ರಕ್ಷಣೆ ಕೋರಿದಾಗ, ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರಿದ್ದ ಸುಪ್ರೀಂ ಕೋರ್ಟ್ ಪೀಠ 1969ರಲ್ಲಿ, ಈ ಕಾಯ್ದೆ ಯಾರಿಗೂ ನ್ಯಾಯಾಲಯಕ್ಕೆ ಬರುವ ನಿರ್ದಿಷ್ಟ ಹಕ್ಕನ್ನು ಕೊಡುವುದಿಲ್ಲವೆಂದು ಹೇಳಿತು. ವ್ಯಕ್ತಿಗೆ ದಾರಿ ಕಿರಿದಾಗಿರುವಲ್ಲಿ ಆಡಳಿತ ತನ್ನನ್ನು ತಾನೇ ಪರಿಶೀಲಿಸಿಕೊಳ್ಳುವ ಅಗತ್ಯ ಹೆಚ್ಚು. ಹಾಗಾಗಿ ಹಳತಾದ ದಂಡದ ಮೊತ್ತದಿಂದ ಹಿಡಿದು ದೂರಿನ ಅಧಿಕಾರದವರೆಗೆ ಸೆಕ್ಷನ್‌ವಾರು ಮರುಪರಿಶೀಲನೆಗೆ ಇಲ್ಲಿ ಧಾರಾಳ ಕೆಲಸವಿದೆ ಎಂದು ನನ್ನ ಅಭಿಪ್ರಾಯ.

ಹೋಲಿಕೆಗೆ ನೇಪಾಳವನ್ನು ನೋಡಿ: ಹತ್ತು ವರ್ಷಗಳ ಆಂತರಿಕ ಸಂಘರ್ಷ 2006ರಲ್ಲಿ ಮುಗಿದ ಮರುವರ್ಷವೇ ಅಲ್ಲಿ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಬ್ರಿಟನ್ 2019ರಲ್ಲಿ ತಾನು ಈ ಕಾನೂನನ್ನು ದೇಶದೊಳಗೆ ಹೇಗೆ ಜಾರಿಗೊಳಿಸುತ್ತಿದೆ ಎಂಬ ಸ್ವಯಂಪ್ರೇರಿತ ವರದಿಯನ್ನು ಪ್ರಕಟಿಸಿತು. ಯಾವ ಇಲಾಖೆ ಏನು ಮಾಡುತ್ತದೆ ಎಂಬುದು ಅದರಲ್ಲಿ ಬಿಡಿಸಿ ಹೇಳಿರುವುದರಿಂದ ವಿದ್ಯಾರ್ಥಿಗಳಿಗೆ ಒಳ್ಳೆಯ ಮಾದರಿ. ಆರಂಭಕ್ಕೆ ಮಾತ್ರ 1960ರ ನಮ್ಮ ಕಾಯ್ದೆಯ ಪಠ್ಯವೇ ಸಾಕು. ನಾಲ್ಕೂ ಒಪ್ಪಂದಗಳು ಅದರ ಅನುಸೂಚಿಗಳಲ್ಲಿ ಪೂರ್ತಿಯಾಗಿ ಅಚ್ಚಾಗಿವೆ, ಬೇರೆ ಪುಸ್ತಕ ಹುಡುಕಬೇಕಾಗಿಲ್ಲ.