ಕೌರವರು ನಮ್ಮೊಳಗೇ ಇದ್ದಾರಾ?

ಪತ್ರದ ಸಾರ: ‘ಮಹಾಭಾರತ ಹೊರಗೆಲ್ಲೂ ನಡೆದದ್ದಲ್ಲ, ಎಲ್ಲ ನಮ್ಮ ಮನಸ್ಸಿನೊಳಗಿನ ಕಥೆ ಎಂದು ಪ್ರವಚನದಲ್ಲಿ ಕೇಳಿದೆ. ನೂರು ಕೌರವರು ಕೆಟ್ಟ ಗುಣಗಳಂತೆ, ಪಾಂಡವರು ಪಂಚೇಂದ್ರಿಯಗಳಂತೆ, ದ್ರೌಪದಿ ಕುಂಡಲಿನಿ, ಅಂದರೆ ಯೋಗದವರು ಹೇಳುವ ದೇಹದೊಳಗೆ ಮಲಗಿರುವ ಶಕ್ತಿಯಂತೆ. ಹಾಗಾದರೆ ಇಷ್ಟು ವರ್ಷ ಕಣ್ಣೀರು ಹಾಕಿಕೊಂಡು ಓದಿದ್ದೆಲ್ಲ ಸುಮ್ನೇನಾ?’

ಸಂಪಾದಕರ ಉತ್ತರ:

ಖಂಡಿತ ಅಲ್ಲ. ಹಾಗಂತ ಪ್ರವಚನಕಾರರು ಹೊಸದೇನನ್ನೂ ಹುಟ್ಟಿಸಿಲ್ಲ. 1888-89ರಲ್ಲಿ ಮೊದಲ ಸಲ ಗೀತೆ ಓದಿದಾಗಲೇ ಇದು ಮನುಷ್ಯರ ಎದೆಯೊಳಗೆ ನಡೆಯುವ ಕಾಳಗ ಅನ್ನಿಸಿತು ಎಂದು ಗಾಂಧೀಜಿ ಬರೆದಿದ್ದಾರೆ. ಮಂಡಾಲೆಯ ಜೈಲಿನಲ್ಲಿದ್ದ ತಿಲಕರಿಗೆ ಅದೇ ಗೀತೆಯಲ್ಲಿ ಕಂಡದ್ದು, ಲೋಕದ ನಡುವೆ ನಿಂತು ಕೆಲಸ ಮಾಡು ಎಂಬ ಮಾತು.

ಒಳಗಿನ ಅರ್ಥವನ್ನು ಗ್ರಂಥವೇ ಬಿಡಿಸಿ ಹೇಳಿದರೆ ತಕರಾರೇ ಇಲ್ಲ. ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಹೇಳುವುದು ನೋಡಿ. ಶರೀರ ರಥ, ಆತ್ಮ ಅದರ ಒಡೆಯ. ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆಗಳು, ಇಂದ್ರಿಯಗಳನ್ನು ಸೆಳೆಯುವ ವಿಷಯಗಳು ಅವು ಓಡುವ ದಾರಿ. ಬುದ್ಧಿ ಎಚ್ಚರ ತಪ್ಪಿದರೆ ಕುದುರೆಗಳು ಸಾರಥಿಯ ಮಾತು ಕೇಳುವುದಿಲ್ಲ. ಸಿಟ್ಟು ಬಂದಾಗ ಲಗಾಮು ಯಾರ ಕೈಯಲ್ಲಿತ್ತು ಎಂದು ಆಮೇಲೆ ಯೋಚಿಸಿದರೆ ಸಾಕು, ಇದು ಪಕ್ಕಾ ಅನ್ನಿಸುತ್ತದೆ.

ಮಹಾಭಾರತದ ಪಾತ್ರಗಳಿಗೆ ನಾವೇ ಚೀಟಿ ಅಂಟಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಪಾಂಡವರು ಒಬ್ಬರಿಗೆ ಇಂದ್ರಿಯಗಳು, ಇನ್ನೊಬ್ಬರಿಗೆ ಯೋಗದವರು ದೇಹದೊಳಗೆ ಗುರುತಿಸುವ ಶಕ್ತಿಕೇಂದ್ರಗಳಾದ ಚಕ್ರಗಳಲ್ಲಿ ಐದು. ಇಂದ್ರಿಯಗಳೇ ಆದರೆ, ಉಪನಿಷತ್ತು ಹದ್ದುಬಸ್ತಿನಲ್ಲಿಡು ಎಂದ ಕುದುರೆಗಳೇ ಇಲ್ಲಿ ಧರ್ಮದ ಕಡೆಯವರಾದವು! ಧೃತರಾಷ್ಟ್ರನ ಇನ್ನೊಬ್ಬ ಮಗ ಯುಯುತ್ಸು ಯುದ್ಧದ ಹೊತ್ತಿಗೆ ಪಾಂಡವರ ಕಡೆ ಬಂದುಬಿಡುತ್ತಾನೆ. ಅವನನ್ನು ಯಾವ ಗುಣ ಅನ್ನೋಣ?

ನನಗೆ ಜಾಸ್ತಿ ಕಸಿವಿಸಿಯಾಗುವುದು ದ್ರೌಪದಿಯ ವಿಷಯದಲ್ಲಿ. ಅವಳು ತುಂಬಿದ ಸಭೆಗೆ ಒಂದು ನೇರ ಪ್ರಶ್ನೆ ಹಾಕುತ್ತಾಳೆ: ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿತ್ತು? ಧರ್ಮದ ಗತಿ ಸೂಕ್ಷ್ಮ ಎಂದು ಭೀಷ್ಮ ಜಾರಿಕೊಳ್ಳುತ್ತಾನೆ. ಮಾತಾಡುವುದು ವಿದುರ ಮತ್ತು ಕೌರವರಲ್ಲೇ ಒಬ್ಬನಾದ ವಿಕರ್ಣ. ಅವಳು ಬರೀ ಕುಂಡಲಿನಿ ಎಂದುಬಿಟ್ಟರೆ ಆ ಪ್ರಶ್ನೆಗೆ ಯಾರೂ ಉತ್ತರ ಕೊಡಬೇಕಿಲ್ಲ, ಸುಮ್ಮನೆ ಕೂತಿದ್ದ ಹಿರಿಯರೂ ಬಚಾವ್. ಗಮಕದಲ್ಲಿ ಕುಮಾರವ್ಯಾಸನ ಸಭಾಪರ್ವ ಕೇಳಿದ್ದೀರಿ ಅಲ್ವಾ? ಅಲ್ಲಿ ಜನ ಅಳುವುದು ಒಬ್ಬ ಹೆಣ್ಣುಮಗಳಿಗಾಗಿ.

ದುರ್ಯೋಧನನ ಹೊಟ್ಟೆಕಿಚ್ಚು ನಮ್ಮಲ್ಲೂ ಇದೆ, ಅದನ್ನು ಗುರುತಿಸಿಕೊಳ್ಳಿ. ಅದಕ್ಕಾಗಿ ಕಥೆಯನ್ನು ಬಿಟ್ಟುಕೊಡಬೇಕಿಲ್ಲ. ಮುಂದಿನ ಪ್ರವಚನದಲ್ಲಿ ಯುಯುತ್ಸುವಿನ ಬಗ್ಗೆ ಒಮ್ಮೆ ಕೇಳಿ ನೋಡಿ. ಏನು ಹೇಳಿದರೆಂದು ನಮಗೂ ಬರೆಯಿರಿ.