ಜತ್ತದ ಹುಡುಗ ಮಿಲಿಟ್ರಿ ಭರ್ತಿಗೆ ಯಾವ ಊರಿನಿಂದ ಅರ್ಜಿ ಹಾಕಬೇಕು?

ಸರ್, ನೀವು ಕೇಳಿದ್ದು ಸಣ್ಣ ಪ್ರಶ್ನೆ. ನಿಮ್ಮ ತಮ್ಮ ಆರು ವರ್ಷದಿಂದ ನಮ್ಮ ಜತ್ತದಲ್ಲಿ ಇದ್ದಾರೆ, ಅವರ ಮಗ ಇಲ್ಲೇ ಹತ್ತನೇ ಮುಗಿಸಿದ್ದಾನೆ, ಈಗ ಅಗ್ನಿವೀರ, ಅಂದರೆ ನಾಲ್ಕು ವರ್ಷದ ಮಿಲಿಟ್ರಿ ನೌಕರಿಯ, ಅರ್ಜಿ ಜತ್ತದಿಂದ ಹಾಕಬೇಕೋ ನಿಮ್ಮ ತುಮಕೂರಿನಿಂದ ಹಾಕಬೇಕೋ ಅಂತ. ತುಮಕೂರಿನಿಂದ ಹಾಕಿಸಿ. ಉತ್ತರ ಅಷ್ಟೇ. ಆದರೆ ಹನ್ನೆರಡು ವರ್ಷದಿಂದ ಈ ಗಡಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಹುಡುಗರ ಅರ್ಜಿ ತುಂಬಿಕೊಡುವವನಿಗೆ ಅಷ್ಟು ಹೇಳಿ ಸುಮ್ನೆ ಇರೋಕೆ ಆಗುವುದಿಲ್ಲ. ಯಾಕೆಂದರೆ ನನ್ನ ಅಂಗಡಿಗೆ ಬರುವ ಹುಡುಗರಲ್ಲಿ ಓಟದಲ್ಲಿ ಸೋತವರಿಗಿಂತ ಕಾಗದದಲ್ಲಿ ಸೋತವರನ್ನೇ ನಾನು ಜಾಸ್ತಿ ನೋಡಿದ್ದೇನೆ.

ಜತ್ತ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ತಾಲೂಕು. 2022ರ ಕೊನೆಯಲ್ಲಿ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ನಮ್ಮ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿದಾಗ ನೀವೂ ಟೀವಿಯಲ್ಲಿ ಹೆಸರು ಕೇಳಿರಬಹುದು. ಉಮದಿ, ಸಂಖ, ಗುಡ್ಡಾಪುರ ಈ ಕಡೆಗೆಲ್ಲ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡವೇ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ತಲಾಠಿ, ಅಂದರೆ ಊರ ಲೆಕ್ಕಿಗ, ಕೊಡುವ ಕಾಗದ ಮಾತ್ರ ಮರಾಠಿ. ನೀರು ಕಡಿಮೆ, ಮಳೆ ಕೈಕೊಟ್ಟ ವರ್ಷ ಗಂಡ ಹೆಂಡತಿ ಇಬ್ಬರೂ ಕಬ್ಬು ಕಡಿಯಲು ಹೋಗುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಂಥ ಮನೆಯ ಹುಡುಗನಿಗೆ ಭರ್ತಿ ಅಂದರೆ ಏನು ಅಂತ ಬೇರೆ ಹೇಳಬೇಕಾಗಿಲ್ಲ. ಇಲ್ಲಿ 'ಭರ್ತಿ' ಎರಡೇ, ಪೊಲೀಸ್ ಭರ್ತಿ ಮತ್ತು ಮಿಲಿಟ್ರಿ ಭರ್ತಿ. ಬೆಳಗಿನ ಜಾವ ಐದಕ್ಕೆ ಡಾಂಬರು ರಸ್ತೆಗೆ ಬಂದರೆ ಎರಡಕ್ಕೂ ಓಡುವ ಹುಡುಗರು ಒಟ್ಟಿಗೇ ಸಿಗುತ್ತಾರೆ.

ಹೊರಗಿನವರು ತಿಳಿದುಕೊಂಡಿರುವುದು ಏನೆಂದರೆ, ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇದೆ, ಹಾಗಾಗಿ ಈ ಸೀಮೆಯ ಹುಡುಗರೆಲ್ಲ ಅಲ್ಲೇ ಅರ್ಜಿ ಹಾಕುತ್ತಾರೆ ಅಂತ. ಹಾಗಲ್ಲ. ರೆಜಿಮೆಂಟಿನ ಸೆಂಟರ್ ಬೇರೆ, ಭರ್ತಿ ಮಾಡುವ ಆಫೀಸ್ ಬೇರೆ. ಹುಡುಗರು ಅದನ್ನು, ಅಂದರೆ ಆರ್ಮಿ ರಿಕ್ರೂಟಿಂಗ್ ಆಫೀಸನ್ನು, ಎಆರ್‌ಓ ಅನ್ನುತ್ತಾರೆ, ಮತ್ತೆ ಯಾವ ಎಆರ್‌ಓ ಅನ್ನುವುದು ನಿಮ್ಮ ಜಿಲ್ಲೆಯ ಮೇಲೆ ನಿಂತಿದೆ. ನಮ್ಮ ಸಾಂಗಲಿ ಜಿಲ್ಲೆ ಕೊಲ್ಹಾಪುರಕ್ಕೆ ಸೇರಿದೆ. ಪಕ್ಕದ ಅಥಣಿ ಬೆಳಗಾವಿ ಜಿಲ್ಲೆ, ಅದು ಬೆಳಗಾವಿ ಆಫೀಸಿಗೆ. ಇನ್ನೊಂದು ಪಕ್ಕದ ಚಡಚಣ, ಇಂಡಿ ಇವೆಲ್ಲ ವಿಜಯಪುರ ಜಿಲ್ಲೆ, ಅದು ಎಲ್ಲಿಗೆ ಗೊತ್ತಾ? ಮಂಗಳೂರಿಗೆ! ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಮೂರೂ ಕಡೆಯ ಹುಡುಗರು ಬರುತ್ತಾರೆ, ಒಂದೇ ಪಂಕ್ತಿಯಲ್ಲಿ ಕೂತು ಪ್ರಸಾದ ಉಣ್ಣುತ್ತಾರೆ, ಒಬ್ಬ ಕೊಲ್ಹಾಪುರ, ಒಬ್ಬ ಬೆಳಗಾವಿ, ಒಬ್ಬ ಮಂಗಳೂರು.

ಆಫೀಸ್ ಯಾವುದಾದರೇನು ಅನ್ನಬಹುದು ನೀವು. ಎತ್ತರದ ಲೆಕ್ಕವೂ ಬದಲಾಗುತ್ತದೆ ಸರ್. ಜನರಲ್ ಡ್ಯೂಟಿ, ಅಂದರೆ ಜಿಡಿಗೆ, ಕರ್ನಾಟಕದ ಹುಡುಗನಿಗೆ 166 ಸೆಂಟಿಮೀಟರ್ ಸಾಕು. ಮಹಾರಾಷ್ಟ್ರದವನಿಗೆ 168 ಬೇಕು. ಇದು ನನ್ನ ಮನೆಯಲ್ಲೇ ಆದ ವಿಷಯ. ನನ್ನ ತಂಗಿಯನ್ನು ಅಥಣಿ ತಾಲೂಕಿಗೆ ಕೊಟ್ಟಿದ್ದೇವೆ. ಅವಳ ಮಗನೂ ನನ್ನ ಮಗನೂ ಒಂದೇ ವಾರಿಗೆ, ರಜೆ ಬಂತೆಂದರೆ ಇಬ್ಬರೂ ಒಟ್ಟಿಗೇ ಓಡುತ್ತಿದ್ದರು. ಅಂಗಡಿಯ ಬಾಗಿಲ ಚೌಕಟ್ಟಿಗೆ ಟೇಪು ಹಚ್ಚಿ ಪೆನ್ಸಿಲಿನಲ್ಲಿ ಗೀಟು ಎಳೆದು ಇಬ್ಬರನ್ನೂ ನಿಲ್ಲಿಸಿದೆ. ಇಬ್ಬರೂ 167. ಒಂದು ಕೂದಲೆಳೆ ಹೆಚ್ಚು ಕಡಿಮೆ ಇಲ್ಲ. ಅಳಿಯ "ಮಾಮಾ, ನಾ ಪಾಸ್" ಅಂತ ಕುಣಿದ. ಮಗ ಏನೂ ಅನ್ನಲಿಲ್ಲ, ಮತ್ತೆ ಹೋಗಿ ಚೌಕಟ್ಟಿಗೆ ಬೆನ್ನು ಹಚ್ಚಿ, ಹಿಮ್ಮಡಿ ಒತ್ತಿ, ಕತ್ತು ನೇರ ಮಾಡಿ ನಿಂತು, "ಇನ್ನೊಮ್ಮೆ ನೋಡು ಅಪ್ಪಾ" ಅಂದ. ಆ ಗೀಟು ಈಗಲೂ ಇದೆ, ಬಣ್ಣ ಹೊಡೆಸುವಾಗ ಅಷ್ಟು ಜಾಗ ಬಿಡಿಸಿದ್ದೇನೆ.

ಆಮೇಲೆ ನೋಟಿಫಿಕೇಶನ್ ಪೂರ್ತಿ ಓದಿದಾಗ ಗೊತ್ತಾಯಿತು, ಕ್ಲರ್ಕ್ ಮತ್ತು ಸ್ಟೋರ್ ಕೀಪರ್ ಹುದ್ದೆಗೆ ಎತ್ತರ 162 ಸಾಕು ಅಂತ. ಆದರೆ ಅದಕ್ಕೆ ಹನ್ನೆರಡನೇಯಲ್ಲಿ ಒಟ್ಟು 60 ಪರ್ಸೆಂಟ್ ಬೇಕು, ಒಂದೊಂದು ವಿಷಯದಲ್ಲೂ 50, ಜೊತೆಗೆ ಇಂಗ್ಲಿಷ್ ಮತ್ತು ಗಣಿತ ಅಥವಾ ಅಕೌಂಟ್ಸ್ ಓದಿರಬೇಕು. ಮಗ ಕಾಮರ್ಸ್ ತೆಗೆದುಕೊಂಡಿದ್ದರಿಂದ ಆ ದಾರಿ ಉಳಿಯಿತು, ಈಗ ಟೈಪಿಂಗ್ ಕಲಿಯುತ್ತಿದ್ದಾನೆ, ಆ ಹುದ್ದೆಗೆ ಟೈಪಿಂಗ್ ಪರೀಕ್ಷೆಯೂ ಇದೆ. ಜಿಡಿಗೆ ಹತ್ತನೇ ಸಾಕು, ಒಟ್ಟು 45 ಪರ್ಸೆಂಟ್, ಪ್ರತಿ ವಿಷಯದಲ್ಲಿ 33. ಟೆಕ್ನಿಕಲ್ ಬೇಕೆಂದರೆ ಹನ್ನೆರಡನೇ ಸೈನ್ಸ್, ಇಲ್ಲವೇ ಹತ್ತನೇ ಜೊತೆಗೆ ಐಟಿಐ ಅಥವಾ ಡಿಪ್ಲೊಮಾ. ಟ್ರೇಡ್ಸ್‌ಮನ್ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಹತ್ತನೇ ಪಾಸ್, ಕೆಲವಕ್ಕೆ ಎಂಟನೇ ಪಾಸಾದರೂ ನಡೆಯುತ್ತದೆ. ವಯಸ್ಸು ಹದಿನೇಳೂವರೆ ತುಂಬಿರಬೇಕು, ಮೇಲಿನ ಮಿತಿಯನ್ನು ಆಯಾ ವರ್ಷದ ನೋಟಿಫಿಕೇಶನ್‌ನಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನೊಳಗೆ ಹುಟ್ಟಿರಬೇಕು ಅಂತ ಕೊಟ್ಟಿರುತ್ತಾರೆ, ಅದನ್ನೇ ನೋಡಿ.

ಈಗ ಕಾಗದ. ಇದನ್ನು ನಿಮ್ಮ ತಮ್ಮನಿಗೆ ಓದಿ ಹೇಳಿ.

ನಮ್ಮ ಕಡೆ ಬಿರಾದಾರ ಅನ್ನುವ ಅಡ್ಡಹೆಸರು ತುಂಬಾ ಇದೆ. ಅದೇ ಮರಾಠಿ ಕಾಗದಕ್ಕೆ ಹೋದರೆ ಬಿರಾಜದಾರ ಆಗುತ್ತದೆ. ಅಜ್ಜನ ಸಾತಬಾರಾ ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಬಿರಾಜದಾರ, ಕನ್ನಡ ಶಾಲೆಯ ದಾಖಲೆಯಲ್ಲಿ ಬಿರಾದಾರ, ಆಧಾರದಲ್ಲಿ ತುಂಬಿದವರಿಗೆ ಯಾವುದು ಕೇಳಿಸಿತೋ ಅದು. ಇನ್ನು ಅಪ್ಪನ ಹೆಸರು ಸಿದ್ದಪ್ಪ ಅಂದರೆ ಇಂಗ್ಲಿಷಿನಲ್ಲಿ ಒಂದು ಡಿ ಬರೆದವರು ಒಬ್ಬರು, ಎರಡು ಡಿ ಬರೆದವರು ಒಬ್ಬರು, ಪಕ್ಕದಲ್ಲಿ ಎಚ್ ಸೇರಿಸಿದವರು ಇನ್ನೊಬ್ಬರು. ಮಹಾರಾಷ್ಟ್ರದ ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು ಬರುತ್ತದೆ, ಆಮೇಲೆ ಹುಡುಗನ ಹೆಸರು, ಆಮೇಲೆ ಅಪ್ಪನದು. ಕರ್ನಾಟಕದ ಕಾಗದದಲ್ಲಿ ಅಡ್ಡಹೆಸರು ಕೊನೆಗೆ. ಹುಟ್ಟಿದ ದಿನವೂ ಹಾಗೇ, ವರ್ಷ ಮಾತ್ರ ಹೇಳಿ ಆಧಾರ ಮಾಡಿಸಿದವರಿಗೆಲ್ಲ ಜನವರಿ 1 ಬಿದ್ದಿರುತ್ತದೆ.

ನಮ್ಮ ಓಣಿಯ ಒಬ್ಬ ಹುಡುಗ, ಪರೀಕ್ಷೆ ಪಾಸ್, ಗ್ರೌಂಡಿನಲ್ಲಿ ಓಟ ಮೊದಲ ಗುಂಪಿನಲ್ಲೇ ಮುಗಿಸಿದವನು, ಬೀಮ್, ಅಂದರೆ ಸರಳು ಹಿಡಿದು ಮೈ ಮೇಲೆಳೆಯುವುದು, ಹತ್ತೂ ಹೊಡೆದವನು, ಕಾಗದ ನೋಡುವ ಟೇಬಲ್ಲಿಗೆ ಬಂದಾಗ ಆ ಒಂದು 'ಜ' ಅಕ್ಷರಕ್ಕೆ ನಿಂತುಬಿಟ್ಟ. ಎರಡೂ ಒಂದೇ ಹೆಸರು ಅನ್ನುವುದಕ್ಕೆ ಅವನ ಹತ್ತಿರ ನೋಟರಿ ಸಹಿಯ ಅಫಿಡವಿಟ್ ಕೂಡ ಇರಲಿಲ್ಲ. ವಾಪಸ್ ಬಂದ ರಾತ್ರಿ ಅವನ ಅವ್ವ ನನ್ನ ಅಂಗಡಿ ಕಟ್ಟೆಯ ಮೇಲೆ ಕೂತು ಆ ಮಾರ್ಕ್ಸ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅವಳಿಗೆ ಓದಲು ಬರುವುದಿಲ್ಲ. "ಯಾವ ಅಕ್ಷರ ತೋರ್ಸು ಅಣ್ಣಾ" ಅಂದಳು. ನಾನು ಬೆರಳಿಟ್ಟು ತೋರಿಸಿದೆ.

ಅದಕ್ಕೇ ಹೇಳುತ್ತೇನೆ, ಹತ್ತನೇ ಮಾರ್ಕ್ಸ್ ಕಾರ್ಡನ್ನು ಬುಡ ಅಂತ ಇಟ್ಟುಕೊಳ್ಳಿ, ಉಳಿದದ್ದೆಲ್ಲ ಅದಕ್ಕೆ ಹೊಂದಬೇಕು. ಆಧಾರ ತಪ್ಪಿದ್ದರೆ ಆಧಾರವನ್ನು ತಿದ್ದಿಸಿ, ಆದರೆ ನೋಡಿಕೊಂಡು ತಿದ್ದಿಸಿ, ಹೆಸರು ಬದಲಿಸಲು ಎರಡು ಸಲ, ಹುಟ್ಟಿದ ದಿನಕ್ಕೆ ಒಂದೇ ಸಲ ಅವಕಾಶ. ಮಾರ್ಕ್ಸ್ ಕಾರ್ಡೇ ತಪ್ಪಿದ್ದರೆ ಶಾಲೆಯ ಮೂಲಕ ಬೋರ್ಡಿಗೆ ಹೋಗಬೇಕು, ಅದು ತಿಂಗಳುಗಟ್ಟಲೆ ಎಳೆಯುತ್ತದೆ. ಹುಡುಗ ಒಂಬತ್ತನೇಯಲ್ಲಿ ಇರುವಾಗಲೇ ಶಾಲೆಯ ರಿಜಿಸ್ಟರ್ ನೋಡಿ ಸರಿಮಾಡಿಸಿದರೆ ಅರ್ಧ ದಿನದ ಕೆಲಸ. ನಾನು ಈಗ ಪ್ರತಿ ವರ್ಷ ನಮ್ಮೂರ ಶಾಲೆಯ ಒಂಬತ್ತನೇ ಮಕ್ಕಳಿಗೆ ಇದನ್ನೇ ಹೋಗಿ ಹೇಳಿ ಬರುತ್ತೇನೆ.

ರ‍್ಯಾಲಿಗೆ, ಅಂದರೆ ಗ್ರೌಂಡಿನಲ್ಲಿ ನಡೆಯುವ ಆಯ್ಕೆಗೆ, ಹೋಗುವಾಗ ಬೇಕಾಗುವ ಕಾಗದ ಇನ್ನೂ ಇವೆ. ತಹಸೀಲ್ದಾರರ ಡೊಮಿಸೈಲ್, ಅಂದರೆ ವಾಸದ ದಾಖಲೆ, ಫೋಟೋ ಹಚ್ಚಿದ್ದು. ಜಾತಿ ದಾಖಲೆ, ಅಗ್ನಿವೀರಕ್ಕೆ ಜಾತಿ ಮೀಸಲಾತಿ ಇಲ್ಲದಿದ್ದರೂ ಇದನ್ನು ಕೇಳುತ್ತಾರೆ. ಶಾಲೆಯ ನಡತೆ ಪತ್ರ, ಊರ ಸರಪಂಚರ ನಡತೆ ಪತ್ರ, ಮದುವೆಯಾಗಿಲ್ಲ ಅನ್ನುವ ಪತ್ರ. ಸರಪಂಚರ ಪತ್ರಗಳು ಆರು ತಿಂಗಳೊಳಗಿನವು ಇರಬೇಕು, ಫೋಟೋದ ಮೇಲೆ ಅರ್ಧ ಬೀಳುವ ಹಾಗೆ ಸಿಕ್ಕಾ, ಅಂದರೆ ಮೊಹರು, ಒತ್ತಿಸಿ. ಬಿಳಿ ಹಿನ್ನೆಲೆಯ ಹೊಸ ಫೋಟೋ 20 ಬೇಕು. ಹುಡುಗ ಮಾಜಿ ಸೈನಿಕರ ಮಗ ಆಗಿದ್ದರೆ ರಿಲೇಶನ್ ಸರ್ಟಿಫಿಕೇಟ್ ಮಾಡಿಸಿ, ಅದಕ್ಕೆ ಹೆಚ್ಚುವರಿ ಅಂಕ ಸಿಗುತ್ತವೆ, ಎನ್‌ಸಿಸಿಗೂ ಹಾಗೇ.

ಮತ್ತೆ ಹಚ್ಚೆ! ಜಾತ್ರೆಯಲ್ಲಿ ಮಷಿನ್ ಇಟ್ಟುಕೊಂಡು ಕೂತಿರುತ್ತಾರೆ, ಹುಡುಗರು ಖುಷಿಗೆ ಎದೆ ಮೇಲೆ, ತೋಳಿನ ಮೇಲೆ ಹಾಕಿಸಿಕೊಳ್ಳುತ್ತಾರೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಒಳಭಾಗದಲ್ಲಿ, ಇಲ್ಲವೇ ಅಂಗೈಯ ಹಿಂಬದಿಗೆ ಇದ್ದರೆ ಮಾತ್ರ ನಡೆಯುತ್ತದೆ. ಬೇರೆ ಕಡೆ ಇದ್ದರೆ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ.

ಅರ್ಜಿ ಹಾಕುವುದು ಕಷ್ಟವಲ್ಲ. ಜಾಯಿನ್ ಇಂಡಿಯನ್ ಆರ್ಮಿ ಸರಕಾರಿ ವೆಬ್‌ಸೈಟ್ ಒಂದೇ, ಬೇರೆ ಯಾವ ಲಿಂಕೂ ಒತ್ತಬೇಡಿ. 250 ರೂಪಾಯಿ ಫೀ. ಮೊಬೈಲ್ ನಂಬರ್ ಹುಡುಗನದೇ ಕೊಡಿ, ಓಟಿಪಿ, ಅಡ್ಮಿಟ್ ಕಾರ್ಡಿನ ಸುದ್ದಿ ಎಲ್ಲ ಅದಕ್ಕೇ ಬರುತ್ತದೆ. ಅಂಗಡಿಯವರ ನಂಬರ್ ಹಾಕಿ ಆಮೇಲೆ ಪೇಚಾಡಿದವರು ಬಹಳ ಇದ್ದಾರೆ. 2023ರಿಂದ ಮೊದಲು ಕಂಪ್ಯೂಟರ್ ಪರೀಕ್ಷೆ, ಪಾಸಾದವರಿಗೆ ಮಾತ್ರ ರ‍್ಯಾಲಿ. ಮುಂಚೆ ಇದು ಉಲ್ಟಾ ಇತ್ತು, ಸಾವಿರಾರು ಹುಡುಗರು ಮೈದಾನದ ಹೊರಗೆ ಫುಟ್‌ಪಾತಿನ ಮೇಲೆ ಮಲಗಿ ರಾತ್ರಿ ಕಳೆಯುತ್ತಿದ್ದರು. ಜಿಡಿಗೆ 50 ಪ್ರಶ್ನೆ, ಒಂದು ಗಂಟೆ, ಸರಿಗೆ ಎರಡು ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ. 2025ರಿಂದ ಪರೀಕ್ಷೆ 13 ಭಾಷೆಯಲ್ಲಿ ಇದೆ, ಅದರಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ನಮ್ಮಂಥವರಿಗೆ ಇದು ಎಷ್ಟು ದೊಡ್ಡದು ಅಂತ ನಿಮಗೆ ಹೇಗೆ ಹೇಳಲಿ. ಮೊದಲು ಹಿಂದಿ ಇಲ್ಲವೇ ಇಂಗ್ಲಿಷ್ ಅಷ್ಟೇ ಇತ್ತು, ಲೆಕ್ಕ ಬರುತ್ತಿದ್ದರೂ ಪ್ರಶ್ನೆ ತಿಳಿಯದೆ ಬಿಟ್ಟು ಬರುತ್ತಿದ್ದರು. ಅರ್ಜಿ ತುಂಬುವಾಗಲೇ ಭಾಷೆ ಆರಿಸಬೇಕು, ಹುಡುಗ ಓದಿದ ಭಾಷೆಯನ್ನೇ ಆರಿಸಲಿ.

ಗ್ರೌಂಡಿನಲ್ಲಿ ಮುಖ್ಯ 1600 ಮೀಟರ್ ಓಟ. ನಮ್ಮ ಕನ್ನಡ ಹುಡುಗರೂ ಅದನ್ನು ಮರಾಠಿಯಲ್ಲೇ ಸೋಳಾಶೇ ಅನ್ನುತ್ತಾರೆ. ಐದೂವರೆ ನಿಮಿಷದೊಳಗೆ ಮುಗಿಸಿದರೆ 60 ಅಂಕ, ತಡವಾದಷ್ಟೂ ಅಂಕ ಇಳಿಯುತ್ತದೆ. ಬೀಮ್ ಹತ್ತು ಎಳೆದರೆ 40. ಒಂಬತ್ತು ಅಡಿ ಗುಂಡಿ ಹಾರುವುದು, ಝಿಗ್‌ಝ್ಯಾಗ್ ಕಟ್ಟೆಯ ಮೇಲೆ ನಡೆಯುವುದು, ಇವೆರಡಕ್ಕೆ ಪಾಸಾದರೆ ಸಾಕು. ಆಮೇಲೆ ಮೆಡಿಕಲ್. ಕಿವಿ ಗುಗ್ಗೆ, ಹಲ್ಲು ಇವನ್ನೆಲ್ಲ ಮೊದಲೇ ಡಾಕ್ಟರಿಗೆ ತೋರಿಸಿಕೊಳ್ಳಿ, ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಮಾಡಿಸಿಬಿಡಿ. ಎರಡು ವರ್ಷ ಓಡಿದ ಮೇಲೆ ಬಣ್ಣದ ದೋಷ ಇದೆ ಅಂತ ತಿಳಿದರೆ ಆ ಹುಡುಗನ ಗತಿ ಏನು ಹೇಳಿ.

ನೌಕರಿ ಖಾಯಂ ಅಲ್ಲ ಅನ್ನುವುದನ್ನೂ ಮನೆಯಲ್ಲಿ ಬಿಚ್ಚಿ ಮಾತಾಡಿ. ನಾಲ್ಕು ವರ್ಷ, ಆಮೇಲೆ ನೂರಕ್ಕೆ 25 ಮಂದಿಯವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಮೊದಲ ವರ್ಷ ತಿಂಗಳಿಗೆ 30,000 ಅಂದರೂ ಅದರಲ್ಲಿ 9,000 ಸೇವಾ ನಿಧಿಗೆ ಹೋಗಿ ಕೈಗೆ ಬರುವುದು 21,000. ಹೊರಗೆ ಬರುವಾಗ ಸೇವಾ ನಿಧಿ ಸುಮಾರು 11.71 ಲಕ್ಷ, ಪಿಂಚಣಿ ಇಲ್ಲ. ಇದನ್ನು ತಿಳಿದೇ ನಮ್ಮ ಹುಡುಗರು ಹೋಗುತ್ತಾರೆ. ತಿಳಿಯದೆ ಹೋಗುವ ಹಾಗೆ ಆಗಬಾರದು ಅಷ್ಟೇ. ಇಷ್ಟು ಲಕ್ಷ ಕೊಡಿ, ಒಳಗೆ ನನ್ನ ಮಂದಿ ಇದ್ದಾರೆ ಅಂತ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಒರಿಜಿನಲ್ ಮಾರ್ಕ್ಸ್ ಕಾರ್ಡನ್ನಂತೂ ಅವರ ಕೈಗೆ ಇಡಲೇಬೇಡಿ.

ಈಗ ನಿಮ್ಮ ಹುಡುಗನ ವಿಷಯ. ಮಹಾರಾಷ್ಟ್ರದ ಡೊಮಿಸೈಲ್‌ಗೆ ಇಲ್ಲಿ 15 ವರ್ಷ ವಾಸ ಇದ್ದಿರಬೇಕು, ನಿಮ್ಮ ತಮ್ಮನವರದು ಆರೇ ವರ್ಷ, ಹಾಗಾಗಿ ಜತ್ತದ ತಹಸೀಲ್ ಆಫೀಸಿಗೆ ಅಲೆದು ಉಪಯೋಗ ಇಲ್ಲ. ಮನೆ, ರೇಷನ್ ಕಾರ್ಡ್ ಎಲ್ಲ ತುಮಕೂರಲ್ಲೇ ಇದೆ ಅಂದಿರಲ್ಲ, ಅಲ್ಲಿನ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಕಾಗದ ಮಾಡಿಸಿ. ತುಮಕೂರು ಜಿಲ್ಲೆ ಬೆಂಗಳೂರು ಎಆರ್‌ಓಗೆ ಬರುತ್ತದೆ. ಹತ್ತನೇ ಮಹಾರಾಷ್ಟ್ರ ಬೋರ್ಡಿನದಾದರೆ ಏನೂ ತೊಂದರೆ ಇಲ್ಲ. ಎತ್ತರವೂ 166 ಸಾಕು ಅವನಿಗೆ.

ತಮ್ಮನವರಿಗೆ ಹೇಳಿ, ಭಾನುವಾರ ಹುಡುಗನನ್ನು ನಮ್ಮ ಅಂಗಡಿಗೆ ಕಳಿಸಲಿ. ಹತ್ತನೇ ಮಾರ್ಕ್ಸ್ ಕಾರ್ಡ್, ಆಧಾರ, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ನಾಲ್ಕೂ ಒರಿಜಿನಲ್ ಇರಲಿ. ಟೇಬಲ್ಲಿನ ಮೇಲೆ ಪಕ್ಕಪಕ್ಕ ಇಟ್ಟು ಅವನ ಹೆಸರನ್ನೂ ಅವನ ಅಪ್ಪನ ಹೆಸರನ್ನೂ ಅಕ್ಷರ ಅಕ್ಷರ ಕೂಡಿ ಓದುತ್ತೇವೆ. ಆಮೇಲೆ ಚಪ್ಪಲಿ ಬಿಟ್ಟು ಆ ಬಾಗಿಲ ಚೌಕಟ್ಟಿಗೆ ನಿಲ್ಲಲಿ, ಗೀಟು ನಾನೇ ಎಳೆಯುತ್ತೇನೆ.